ಎರಡು ಭಾಷೆಯ ಮಗುವಿನ ಉಚ್ಚಾರಣೆ: ವಾರ್ಷಿಕ ಸಭೆಯಲ್ಲಿ ಆಡಿದ ಮಾತು



ವಿದ್ಯಾರ್ಥಿವೇತನದ ಅರ್ಜಿ ಕೊಡಲು ಬಂದಿದ್ದ ತಾಯಿಯೊಬ್ಬರು ತಮ್ಮ ಮಗನ ವಿಷಯ ಹೇಳಿದರು. ಒಂದನೇ ತರಗತಿಯ ಹುಡುಗ. ‘ಹಳ್ಳಿ’ ಎನ್ನಲು ಹೋಗಿ ‘ಹಲ್ಲಿ’ ಎನ್ನುತ್ತಾನೆ, ಮಕ್ಕಳೆಲ್ಲ ನಗುತ್ತಾರೆ. ಮಾತಿನಲ್ಲಿ ದೋಷವಿದೆ, ಮನೆಯಲ್ಲಿ ಉರ್ದು ನಿಲ್ಲಿಸಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಇರಬಹುದು ಎಂದು ನಾವೂ ತಲೆಯಾಡಿಸಿ ಕಳಿಸಿದೆವು. ಅದು ನಮ್ಮ ತಪ್ಪು. ಆಮೇಲೆ ವಾಕ್ ಮತ್ತು ಶ್ರವಣ ತಜ್ಞರನ್ನು ಕೇಳಿ ತಿಳಿದುಕೊಂಡೆವು.

ಉರ್ದುವಿನಲ್ಲಿ ‘ಳ’ ಇಲ್ಲ. ಮನೆಯಲ್ಲಿ ಕಿವಿಗೆ ಬೀಳದ ಧ್ವನಿಯ ಜಾಗದಲ್ಲಿ ಮಗು ತನಗೆ ಗೊತ್ತಿರುವ ‘ಲ’ವನ್ನು ಇಡುತ್ತದೆ. ಕನ್ನಡ ಕೇಳುತ್ತ, ಆಡುತ್ತ ಕಲಿಯಬೇಕಾದದ್ದು ಅದು, ದೋಷವಲ್ಲ. ಪುಸ್ತಕದ ಉರ್ದುವನ್ನು ಅಳತೆಗೋಲು ಮಾಡಿದರೂ ಸಾಲದು. ನಮ್ಮ ದಖನಿಯಲ್ಲಿ ‘ಕಲಂ’ ಎನ್ನುವುದು ‘ಖಲಂ’ ಆಗುತ್ತದೆ. ಅದನ್ನೂ ತಪ್ಪೆಂದು ಬರೆದುಕೊಂಡರೆ ಮಗುವಿನ ಜೊತೆ ದಾದಾ, ದಾದಿಯನ್ನೂ ಚಿಕಿತ್ಸೆಗೆ ಕರೆದೊಯ್ಯಬೇಕಾದೀತು!

ಆದರೆ 4 ವರ್ಷ ದಾಟಿದ ಮೇಲೂ ಮಗು ‘ಕಿತಾಬ್’ ಬದಲು ‘ತಿತಾಬ್’, ‘ಕಾಗೆ’ ಬದಲು ‘ತಾದೆ’ ಎನ್ನುತ್ತಿದ್ದರೆ? ‘ಕ’, ‘ಗ’ ಎರಡು ಭಾಷೆಗಳಲ್ಲೂ ಇವೆ, ಎರಡರಲ್ಲೂ ತಪ್ಪುತ್ತಿವೆ. ಇಂಥ ಮಗುವನ್ನು ‘ಮನೆಮಾತು ಉರ್ದು, ಹಾಗಾಗಿ ಹೀಗೆ’ ಎಂದು ಬಿಟ್ಟುಬಿಡುವುದು ಹೆಚ್ಚು ಅಪಾಯ. ಕಿವಿಯೇ ಸರಿಯಾಗಿ ಕೇಳಿಸದೆ ಇರಬಹುದು. ಆದ್ದರಿಂದ ಮೊದಲು ಶ್ರವಣ ಪರೀಕ್ಷೆ. ನಂತರ ಚಿತ್ರ ತೋರಿಸಿ ಎರಡೂ ಭಾಷೆಯಲ್ಲಿ ಹೆಸರು ಹೇಳಿಸಬೇಕು, ಮನೆಯವರ ಉಚ್ಚಾರವನ್ನೂ ಕೇಳಬೇಕು. ತಜ್ಞರಿಗೆ ಉರ್ದು ಬಾರದಿದ್ದರೆ ತಾಯಿ ಪಕ್ಕದಲ್ಲಿ ಕೂರಲಿ. ಮನೆಯಲ್ಲಿ ಮಗು ಆಡುವ ಮಾತನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ. ಚಿಕಿತ್ಸೆ ಬೇಕಾದರೂ ಮನೆಮಾತು ಬಿಡಬೇಕಿಲ್ಲ.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಈ ವಿದ್ಯೆಯ ಪದವಿ ಬಿ.ಎ.ಎಸ್.ಎಲ್.ಪಿ., ಇಂಟರ್ನ್‌ಶಿಪ್ ಸೇರಿ 4 ವರ್ಷ. ಪಿಯುಸಿಯಲ್ಲಿ ವಿಜ್ಞಾನ ಓದಿದ ನಮ್ಮ ಮಕ್ಕಳು ವೈದ್ಯಕೀಯ, ಎಂಜಿನಿಯರಿಂಗ್ ಬಿಟ್ಟು ಇದರ ಹೆಸರನ್ನೇ ಕೇಳಿರುವುದಿಲ್ಲ. ದಖನಿಯೂ ಕನ್ನಡವೂ ಬಲ್ಲ ತಜ್ಞರು ಬೇಕಾಗಿದ್ದಾರೆ. ಈ ಬಾರಿ ಈ ಕೋರ್ಸಿಗೆ ಸೇರಿದವರೂ ಅರ್ಜಿ ಹಾಕಬಹುದು.

ಆ ತಾಯಿಗೆ ಫೋನ್ ಮಾಡಿ ಕ್ಷಮೆ ಕೇಳಿದೆವು. ಎರಡು ತಿಂಗಳಿಂದ ಮಗನ ಜೊತೆ ಮಾತೇ ಕಡಿಮೆ ಮಾಡಿದ್ದರಂತೆ, ಅವರಿಗೆ ಕನ್ನಡ ಅಷ್ಟಾಗಿ ಬಾರದು.