ಹಾಸಿಗೆ ಹಿಡಿದವರ ಬಾಯಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ನಿಮ್ಮಂತೆಯೇ ಲೆಕ್ಕದ ಪುಸ್ತಕ ಬರೆದು ಹೊಟ್ಟೆ ಹೊರೆದ ಗುಮಾಸ್ತ. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ನಮ್ಮಲ್ಲಿ ಹಲವರ ಹೆಂಡಿರು ಮಕ್ಕಳು ಊರಲ್ಲಿ, ನಾವು ಮುಂಬಯಿಯ ಖೋಲಿಯಲ್ಲಿ. ಒಬ್ಬನು ಕಾಯಿಲೆ ಬಿದ್ದರೆ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ಕೂಡುವವರು ನಾವೇ. ಪರೇಲಿನ ಟಾಟಾ ಆಸ್ಪತ್ರೆಗೆಂದು ಊರಿನಿಂದ ಬರುವ ನಂಟರಿಗೂ ನಾವೇ ಗತಿ. ಆದ್ದರಿಂದ ರೋಗಿಯ ಆರೈಕೆ ನಮಗೆ ಬೇಡವಾದ ವಿದ್ಯೆಯೇನಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಚಾಳಿನ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿಯಿತು. ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದೆವು. ನಾವು ನಾಲ್ವರು ಪಾಳಿ ಹಚ್ಚಿಕೊಂಡೆವು. ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸಿದೆವು, ಮೈ ಒರೆಸಿದೆವು, ಬಟ್ಟೆ ಬದಲಿಸಿದೆವು. ಬಾಯಿಯ ಮಾತು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ. ಐದನೆಯ ದಿನ ಸಿಸ್ಟರ್ ಬಂದು, “ಇವರ ಹಲ್ಲಿನ ಸೆಟ್ ಯಾರು ತೆಗೆದಿಡುತ್ತೀರಿ?” ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಸೆಟ್ ತೆಗೆದಾಗ ಅದರಡಿಯಲ್ಲಿ ಐದು ದಿನದ ಬಿಸ್ಕತ್ತು ಹಿಟ್ಟಾಗಿ ಕುಳಿತಿತ್ತು. ಒಸಡು ಕೆಂಪಾಗಿ ಹುಣ್ಣಾಗಿತ್ತು. ಮರುದಿನ ಜ್ವರ ಏರಿ ನ್ಯುಮೋನಿಯಾ ಎಂದರು. ಅದರಿಂದಲೇ ಬಂತೆಂದು ಡಾಕ್ಟರು ಹೇಳಲಿಲ್ಲ, ಅದರಿಂದಲ್ಲವೆಂದೂ ಹೇಳಲಿಲ್ಲ. ಮಾಮಾ ಬದುಕಿದರು. ಮಾತು ಬಂದ ಮೇಲೆ, “ಬಾಯಿ ಉರಿಯುತ್ತಿತ್ತಪ್ಪಾ, ಹೇಳಲು ಆಗಲಿಲ್ಲ” ಎಂದರು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡುದನ್ನು ನಿಮ್ಮ ಮುಂದಿಡುತ್ತೇನೆ.

ಬಾಯಿಯನ್ನು ಕಾಯುವುದು ಜೊಲ್ಲು. ಆರೋಗ್ಯವಂತನಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಊರಿ ಹಲ್ಲನ್ನು ತೊಳೆಯುತ್ತಲೇ ಇರುತ್ತದೆ. ಜ್ವರ, ನೀರಿನ ಕೊರತೆ, ಬಾಯಿಂದ ಉಸಿರಾಟ, ಆಮ್ಲಜನಕದ ನಳಿಕೆ, ಹಲವು ಔಷಧಿಗಳು, ಇವೆಲ್ಲ ಬಾಯನ್ನು ಒಣಗಿಸುತ್ತವೆ. ಆಗ ಹಲ್ಲಿನ ಮೇಲೆ ಕೊಳೆಯ ಪೊರೆ ಕಟ್ಟುತ್ತದೆ, ಅದರಲ್ಲಿ ರೋಗಾಣುಗಳು ಬೆಳೆಯುತ್ತವೆ. ನುಂಗುವ ಶಕ್ತಿ ಕುಂದಿದವನಲ್ಲಿ ಆ ಕೊಳೆ ಬೆರೆತ ಜೊಲ್ಲು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ನ್ಯುಮೋನಿಯಾಕ್ಕೆ ಇದೊಂದು ದಾರಿ.

ಇದು ಬರೀ ಊಹೆಯಲ್ಲ. ಜಪಾನಿನ 11 ವೃದ್ಧಾಲಯಗಳಲ್ಲಿ ಎರಡು ವರ್ಷ ನಡೆಸಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಬಾಯಿಯ ಆರೈಕೆ ವಿಶೇಷವಾಗಿ ಮಾಡದಿದ್ದವರಲ್ಲಿ ನೂರಕ್ಕೆ 19 ಮಂದಿಗೆ ನ್ಯುಮೋನಿಯಾ ಬಂದಿತು; ಊಟವಾದ ಮೇಲೆ ಹಲ್ಲುಜ್ಜಿಸಿದವರಲ್ಲಿ 11 ಮಂದಿಗೆ. ಆಸ್ಪತ್ರೆಯ ರೋಗಿಗಳ ಮೇಲೆ ನಡೆದ 15 ಪ್ರಯೋಗಗಳನ್ನು ಕೂಡಿಸಿ ನೋಡಿದ ವಿಮರ್ಶೆಯೊಂದು 2023ರ ಕೊನೆಗೆ ಅಮೆರಿಕದಲ್ಲಿ ಹೊರಬಂದಿತು. ದಿನವೂ ಬ್ರಶ್ಶಿನಿಂದ ಹಲ್ಲುಜ್ಜಿಸಿದವರಲ್ಲಿ ಆಸ್ಪತ್ರೆಯಲ್ಲಿ ಅಂಟುವ ನ್ಯುಮೋನಿಯಾ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಕೃತಕ ಉಸಿರಾಟದಲ್ಲಿದ್ದವರಿಗೆ ಲಾಭ ಹೆಚ್ಚು. ಬಾಯಿ ಮುಕ್ಕಳಿಸುವ ಔಷಧಿ ಬ್ರಶ್ಶಿಗೆ ಬದಲಲ್ಲ ಎಂಬುದನ್ನೂ ನೆನಪಿಡಿ. ಅಂಗಡಿಗಳಲ್ಲಿ ಸಿಗುವ ಬ್ರಶ್ಶಿನ ಮುಂದೆ ನಮ್ಮ ಚಹಾದ ಖರ್ಚೇ ಹೆಚ್ಚು.

ಇನ್ನು ಮಾಡುವ ಬಗೆ. ಮೊದಲು ಸಿಸ್ಟರನ್ನು ಕೇಳಿರಿ: “ಇವರು ನುಂಗಬಲ್ಲರೇ? ಬಾಯಿ ತೊಳೆಸಬಹುದೇ?” ಎಚ್ಚರವಿರುವ ರೋಗಿಯನ್ನು ಎತ್ತರಕ್ಕೆ ಒರಗಿಸಿ ಕೂಡಿಸಿರಿ. ಮೆತ್ತನೆಯ ಸಣ್ಣ ಬ್ರಶ್ಶಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಹಲ್ಲು, ಒಸಡಿನ ಅಂಚು, ನಾಲಿಗೆ ಮೂರನ್ನೂ ಮೆಲ್ಲನೆ ತಿಕ್ಕಿ, ಬಟ್ಟಲಿಗೆ ಉಗುಳಿಸಿರಿ. ದಿನಕ್ಕೆ ಎರಡು ಸಲ, ಅದರಲ್ಲೂ ರಾತ್ರಿ ತಪ್ಪಬಾರದು. ಪಾರ್ಶ್ವವಾಯು ಆದವರ ಕೆನ್ನೆಯೊಳಗೆ ಅನ್ನದ ಅಗುಳು ಉಳಿದಿರುತ್ತದೆ. ಅರಿವಿಲ್ಲದ ಕಡೆಯ ಕೆನ್ನೆಯನ್ನು ಮರೆಯದೆ ನೋಡಿರಿ.

ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಲೇಬೇಡಿ. ಪ್ರೀತಿಯಿಂದ ಹಾಕುವ ಆ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದೀತು. ಆ ಕೆಲಸ ಸಿಸ್ಟರದು. ಅವರು ಮಗ್ಗುಲಿಗೆ ಹೊರಳಿಸಿ, ಒಳಗಿನ ದ್ರವವನ್ನು ಯಂತ್ರದಿಂದ ಹೀರಿ ತೆಗೆಯುತ್ತಾರೆ. ಅವರು ಹೇಳಿದರೆ ಮಾತ್ರ ನಾವು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ತುಟಿ ಒರೆಸಬಹುದು. ಹಲ್ಲುಗಳ ನಡುವೆ ಬೆರಳಿಡಬೇಡಿ, ಕಚ್ಚಿಯಾರು. ನಿಂಬೆರಸ ಗ್ಲಿಸರಿನ್ ಸವರುವ ಹಳೆಯ ರೂಢಿ ಒಳ್ಳೆಯದಲ್ಲ. ಅದು ಬಾಯನ್ನು ಇನ್ನೂ ಒಣಗಿಸುತ್ತದೆ, ಹಲ್ಲನ್ನೂ ಸವೆಸುತ್ತದೆ.

ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು, ಬ್ರಶ್ಶಿನಿಂದ ತೊಳೆದು, ತಣ್ಣೀರಿನಲ್ಲಿ ಇಡತಕ್ಕದ್ದು. ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ಕರವಸ್ತ್ರದಲ್ಲಿ ಸುತ್ತಿ ದಿಂಬಿನಡಿ ಇಟ್ಟರೆ ಕಸದೊಡನೆ ಹೋದೀತು. ಮುಚ್ಚಳದ ಡಬ್ಬಿಯ ಮೇಲೆ ರೋಗಿಯ ಹೆಸರು ಬರೆದಿಡಿರಿ.

ಕ್ಯಾನ್ಸರಿನ ಔಷಧಿ ಅಥವಾ ಕಿರಣ ಚಿಕಿತ್ಸೆ ಪಡೆಯುವವರ ಬಾಯಲ್ಲಿ ಹುಣ್ಣೇಳುವುದು ಸಾಮಾನ್ಯ. ಅನ್ನ ಸೇರದೆ ಅವರು ಸೊರಗುತ್ತಾರೆ. ಅದನ್ನು ನಾವು ಹಟವೆಂದು ತಿಳಿದು ಗದರುತ್ತೇವೆ. ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡಿಗೆ ಸೋಡಾ ಬೆರೆಸಿ ಆಗಾಗ ಮುಕ್ಕಳಿಸಿದರೆ ಹಿತವಾಗುತ್ತದೆ. ಖಾರ ಬೇಡ, ಮದ್ಯಸಾರವಿರುವ ಬಾಯಿನೀರೂ ಬೇಡ. ಮೊಸರಿನ ಗರಣೆಯಂಥ ಬಿಳಿ ಕಲೆ ಕಂಡರೆ, ರಕ್ತ ಒಸರಿದರೆ, ಡಾಕ್ಟರಿಗೆ ತೋರಿಸಿರಿ. ಬಿಳಿ ಕಲೆ ಹೆಚ್ಚಾಗಿ ಬೂಷ್ಟಿನ ಸೋಂಕು, ಅದಕ್ಕೆ ಮದ್ದುಂಟು.

ಆಸ್ಪತ್ರೆಗೆ ಹೋಗುವವರು ಎಳನೀರು, ಬ್ರೆಡ್ಡು, ಹಣ್ಣು ಒಯ್ಯುತ್ತೀರಿ. ಆ ಚೀಲದಲ್ಲಿ ಒಂದು ಮೆತ್ತನೆಯ ಬ್ರಶ್ಶನ್ನೂ ಇಡಿರಿ. ಪಾಳಿ ಬದಲಾಗುವಾಗ, “ಊಟ ಮಾಡಿದರೇ?” ಎಂದು ಕೇಳುವಂತೆ, “ಬಾಯಿ ತೊಳೆಸಿದೆಯಾ?” ಎಂದೂ ಕೇಳಿರಿ. ಹೇಳಲಾರದವನ ಪರವಾಗಿ ಕೇಳುವುದೇ ಆರೈಕೆ. ನಾವು ನಾಲ್ವರು ಅಂದು ಕೇಳಲಿಲ್ಲ; ನೀವು ಕೇಳಿರಿ.