ಹುಕ್ಕಾ ಕೆಳಗಿಟ್ಟ ದೇಶ

ಒಂದು ದೇಶವನ್ನು ವಶ ಮಾಡಿಕೊಳ್ಳೋಕೆ ಏನು ಬೇಕು? ಫಿರಂಗಿ, ಸೈನ್ಯ ಅಂತೀರಿ. ಕೆಲವು ಸಲ ಒಂದೇ ಒಂದು ಸಹಿ ಸಾಕು.

1890ರ ಮಾರ್ಚ್‌ನಲ್ಲಿ ಇರಾನ್‌ನ ದೊರೆ ನಾಸಿರುದ್ದೀನ್ ಶಾ ಅಂಥದ್ದೊಂದು ಸಹಿ ಹಾಕಿದ. ಇಡೀ ದೇಶದ ತಂಬಾಕನ್ನು ಕೊಳ್ಳುವ, ಮಾರುವ, ರಫ್ತು ಮಾಡುವ ಹಕ್ಕು 50 ವರ್ಷಗಳ ಕಾಲ ಟಾಲ್ಬಟ್ ಎಂಬ ಇಂಗ್ಲಿಷ್ ಮೇಜರ್ ಪಾಲಾಯಿತು. ಶಾಗೆ ಸಿಗೋದು ವರ್ಷಕ್ಕೆ 15,000 ಪೌಂಡ್, ಜೊತೆಗೆ ಲಾಭದಲ್ಲಿ ಕಾಲು ಭಾಗ. ಬೆಳೆಯೋನು ಇರಾನಿ, ಸೇದೋನೂ ಇರಾನಿ. ಬೆಲೆ ಕಟ್ಟೋನು ಮಾತ್ರ ಬ್ರಿಟಿಷ್ ಕಂಪನಿಯವನು!

ಇದನ್ನು ವಿರೋಧಿಸಿದವರಲ್ಲಿ ಜಮಾಲುದ್ದೀನ್ ಅಫ್ಘಾನಿ ಒಬ್ಬ. ಕಾಬೂಲ್, ಇಸ್ತಾಂಬುಲ್, ಕೈರೋ, ಹೋದ ಕಡೆಯಲ್ಲೆಲ್ಲ ಅಧಿಕಾರದಲ್ಲಿದ್ದವರಿಗೆ ಬೇಡವಾದ ಮನುಷ್ಯ. ಈಜಿಪ್ಟ್‌ನಿಂದ 1879ರಲ್ಲಿ ಗಡೀಪಾರಾಗಿ ಬಂದದ್ದು ನಮ್ಮ ಪಕ್ಕದ ಹೈದರಾಬಾದಿಗೆ. ಬೀದರ್, ಕಲಬುರಗಿ ಎಲ್ಲಾ ಆಗ ಅದೇ ನಿಜಾಮರ ರಾಜ್ಯದಲ್ಲಿದ್ದವು. 1884ರಲ್ಲಿ ಶಿಷ್ಯ ಮಹಮ್ಮದ್ ಅಬ್ದುಹು ಜೊತೆ ಪ್ಯಾರಿಸ್‌ನಲ್ಲಿ ಒಂದು ಅರಬ್ಬಿ ಪತ್ರಿಕೆ ತಂದ. ಬಂದದ್ದು ಬರೀ 18 ಸಂಚಿಕೆ. ಅಷ್ಟಕ್ಕೇ ಬೆದರಿದ ಬ್ರಿಟಿಷರು ಅದನ್ನು ಈಜಿಪ್ಟ್‌ನಲ್ಲೂ ಭಾರತದಲ್ಲೂ ತಡೆದರು.

ಆದರೆ ನನಗೆ ಈ ಮನುಷ್ಯ ಮುಖ್ಯ ಅನ್ನಿಸೋದು ಬೇರೆ ಕಾರಣಕ್ಕೆ. ಆತ ಬೈದದ್ದು ಬ್ರಿಟಿಷರನ್ನು ಮಾತ್ರ ಅಲ್ಲ. 1882ರಲ್ಲಿ ಕಲ್ಕತ್ತಾದಲ್ಲಿ ನಿಂತು ತನ್ನದೇ ಧರ್ಮದ ವಿದ್ವಾಂಸರನ್ನು ತರಾಟೆಗೆ ತಗೊಂಡ. ವಿಜ್ಞಾನವನ್ನು ಮುಸ್ಲಿಮರದು, ಯುರೋಪಿನದು ಅಂತ ಹಂಚಿಕೊಂಡು ಕೂತರೆ ನಾವು ಗುಲಾಮರಾಗದೆ ಇನ್ನೇನಾಗ್ತೀವಿ ಅನ್ನೋದು ಅವನ ವಾದದ ತಿರುಳು.

ಇರಾನ್‌ಗೆ ಬರೋಣ. 1891ರ ಜನವರಿಯ ಚಳಿಯಲ್ಲಿ, ದರ್ಗಾವೊಂದರಲ್ಲಿ ಆಶ್ರಯ ಪಡೆದಿದ್ದ ಅಫ್ಘಾನಿಯನ್ನು ಶಾನ ಸೈನಿಕರು ಎಳೆದೊಯ್ದು ದೇಶದಿಂದ ಹೊರಹಾಕಿದರು. ಆತ ಸುಮ್ಮನಿರಲಿಲ್ಲ. ಸಮರ್ರಾದಲ್ಲಿದ್ದ ಶಿಯಾ ಧರ್ಮಗುರು ಮಿರ್ಜಾ ಹಸನ್ ಶಿರಾಜಿಗೆ ಪತ್ರ ಬರೆದ. ಅಷ್ಟರಲ್ಲಿ ಶಿರಾಜ್, ತಬ್ರೀಜ್ ವ್ಯಾಪಾರಿಗಳೂ ಬೀದಿಗಿಳಿದಿದ್ದರು. ಡಿಸೆಂಬರ್‌ನಲ್ಲಿ ಶಿರಾಜಿ ಹೆಸರಿನಲ್ಲಿ ಫತ್ವಾ ಹೊರಬಿತ್ತು: ತಂಬಾಕು ನಿಷಿದ್ಧ. ಅಂಗಡಿಗಳು ಬಾಗಿಲು ಹಾಕಿದವು. ಶಾನ ಅಂತಃಪುರದ ಹೆಂಗಸರೇ ಹುಕ್ಕಾ ಕೆಳಗಿಟ್ಟರು! 1892ರ ಜನವರಿಯಲ್ಲಿ ಒಪ್ಪಂದ ರದ್ದಾಯಿತು.

ಗೆದ್ದರು, ಅಲ್ವಾ? ಸ್ವಲ್ಪ ತಡೀರಿ. ಕಂಪನಿಗೆ ಪರಿಹಾರ ಕೊಡಬೇಕಿತ್ತು, 5 ಲಕ್ಷ ಪೌಂಡ್. ಖಜಾನೆ ಖಾಲಿ. ಸಾಲ ಕೊಟ್ಟದ್ದು ಬ್ರಿಟಿಷರದೇ ಬ್ಯಾಂಕು. ತಂಬಾಕು ವಾಪಸ್ ಬಂತು, ಸಾಲ ಉಳಿಯಿತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಧರ್ಮಗುರುಗಳ ಜಡತ್ವವನ್ನು ಟೀಕಿಸಿದ್ದವನು ಕೊನೆಗೆ ಜನರನ್ನು ಎಬ್ಬಿಸಲು ಒಬ್ಬ ಧರ್ಮಗುರುವಿನ ಬಾಗಿಲನ್ನೇ ತಟ್ಟಬೇಕಾಯಿತು. ಅಂದು ಬೇರೆ ದಾರಿ ಇರಲಿಲ್ಲವೇನೋ. ಆದರೆ ಫತ್ವಾಕ್ಕೆ ಒಂದೇ ತಿಂಗಳಲ್ಲಿ ಫಲ ಸಿಕ್ಕಿತು, ವಿಜ್ಞಾನ ಕಲಿಯಿರಿ ಅಂದ ಮಾತು ಹಿಂದೆ ಬಿತ್ತು. ಅಫ್ಘಾನಿ 1897ರಲ್ಲಿ ಇಸ್ತಾಂಬುಲ್‌ನಲ್ಲಿ, ಸುಲ್ತಾನನ ಕಾವಲಿನಲ್ಲಿ ತೀರಿಕೊಂಡ.

ಹೊರಗಿನವನನ್ನು ಬೈಯೋದಕ್ಕೆ ಚಪ್ಪಾಳೆ ಸಿಗುತ್ತೆ ವೀಕ್ಷಕರೇ. ಸಹಿ ಹಾಕಿದ ನಮ್ಮವನನ್ನು, ಓದು ಬಿಟ್ಟ ನಮ್ಮನ್ನೇ ಪ್ರಶ್ನಿಸಿದರೆ ಗಡೀಪಾರು. ಅಫ್ಘಾನಿ ಎರಡನ್ನೂ ಮಾಡಿದ. ನಾವು ಅದರಲ್ಲಿ ಯಾವುದನ್ನು ನೆನಪಿಟ್ಟುಕೊಂಡಿದ್ದೀವಿ?