ಸಾ, ಒಂದು ಡೌಟು

2025ರ ಸೆಪ್ಟೆಂಬರ್ 5, ಶುಕ್ರವಾರ ರಾತ್ರಿ



ಇವತ್ತು ಶಿಕ್ಷಕರ ದಿನ. ಇವತ್ತೇ ಈದ್ ಮಿಲಾದ್. ಎರಡೂ ಒಂದೇ ತಾರೀಖಿಗೆ ಬಿದ್ದಿವೆ. ಇವತ್ತು ನಾನು ಎರಡಕ್ಕೂ ಸೇರಿದ ಒಬ್ಬ ಮೇಷ್ಟ್ರ ಕಥೆ ಹೇಳ್ತೀನಿ. ಹೆಸರು ಹೇಳಲ್ಲ. "ಹೆಸರು ಬೇಡ ಸರ್, ಶಾಲೆಯ ಹೆಸರೂ ಬೇಡ" ಅಂತ ಅವರೇ ಕೇಳಿಕೊಂಡಿದ್ದಾರೆ. ಯಾಕೆ ಬೇಡ ಅಂದರು ಅನ್ನೋದೇ ಇವತ್ತಿನ ವಿಷಯ.

ಕಳೆದ ಭಾನುವಾರ ಮಂಗಳೂರಿನಿಂದ ಬೆಂಗಳೂರಿಗೆ ವಾಪಸ್ ಬರ್ತಾ ಇದ್ದೆ. ಶಿರಾಡಿ ಘಾಟಿ ಹತ್ತುವಾಗ ಒಂದೇ ಸಮನೆ ಮಳೆ. ಸಕಲೇಶಪುರದ ಪಕ್ಕದ ಆನೇಮಹಲ್‌ನಲ್ಲಿ ನನ್ನ ಇಂಜಿನಿಯರಿಂಗ್ ಸ್ನೇಹಿತನ ಮನೆ. ಕಾಫಿಗೆ ಅಂತ ನಿಂತೆ. ಅಲ್ಲಿಗೆ ಅವನ ಹಳೇ ಲೆಕ್ಕದ ಮೇಷ್ಟ್ರು ಬಂದಿದ್ದರು. ಐವತ್ತು ದಾಟಿದವರು. ಆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡ್ತಾರೆ. ಮನೇಲಿ ಬ್ಯಾರಿ ಭಾಷೆ, ಶಾಲೇಲಿ ಕನ್ನಡ. ಅವರ ಅಜ್ಜ ಘಾಟಿ ಹತ್ತಿ ಬಂದು ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದವರಂತೆ.

ಮಕ್ಕಳು ಅವರನ್ನು 'ಸಾ' ಅಂತಾರೆ. ದಿನಕ್ಕೆ ಒಬ್ಬನಾದರೂ ಎದ್ದು ನಿಂತು "ಸಾ, ಒಂದು ಡೌಟು" ಅಂತಾನೆ. ಡೌಟು ಭಿನ್ನರಾಶಿಯದ್ದೇ ಆಗಿರಬೇಕು ಅಂತೇನಿಲ್ಲ.

ಈ ವರ್ಷ ರಂಜಾನ್ ಮಾರ್ಚ್‌ನಲ್ಲಿ ಬಂತಲ್ಲ, ಪರೀಕ್ಷೆ ಸಮಯ. "ಸಾ, ನೀರೂ ಕುಡಿಯಲ್ವಾ?" ಕುಡಿಯಲ್ಲ. "ಎಂಜಲು ನುಂಗಬಹುದಾ ಸಾ?" ನುಂಗಬಹುದು, ಅದು ಬಾಯೊಳಗೇ ಇರೋದು. "ಯಾರೂ ಇಲ್ಲದಾಗ ಕದ್ದು ಕುಡಿದರೆ ಯಾರಿಗೆ ಗೊತ್ತಾಗುತ್ತೆ?" ಮೇಷ್ಟ್ರು ಹೇಳಿದರಂತೆ: "ನನಗೆ ಗೊತ್ತಾಗುತ್ತಲ್ಲೋ."

ಇನ್ನೊಬ್ಬ ಕೇಳಿದ: "ನಿಮ್ಮ ದೇವರ ಫೋಟೋ ಯಾಕಿಲ್ಲ ಸಾ?"

"ನಮ್ಮ ನಂಬಿಕೇಲಿ ದೇವರಿಗೆ ರೂಪ ಇಲ್ಲ, ಅದಕ್ಕೇ ಫೋಟೋ ಇಲ್ಲ. ನಿಮ್ಮ ಮನೇಲಿ ರೂಪ ಇಟ್ಟು ಪೂಜೆ ಮಾಡ್ತಾರೆ. ಯಾಕೆ ಅಂತ ನಿಮ್ಮಜ್ಜೀನ ಕೇಳು. ನಾಳೆ ಬಂದು ನನಗೂ ಹೇಳು."

ಹುಡುಗ ಮಾರನೇ ದಿನ ಅಜ್ಜಿಯ ಉತ್ತರ ತಂದ: "ಕಣ್ಣಿಗೆ ಏನಾದ್ರೂ ಕಾಣಬೇಕಲ್ಲಪ್ಪ, ಇಲ್ಲಾಂದ್ರೆ ಮನಸ್ಸು ನಿಲ್ಲಲ್ಲ ಅಂದ್ರು ಸಾ." ಮೇಷ್ಟ್ರು ಇದನ್ನು ನನಗೆ ಹೇಳುವಾಗ ಬಹಳ ಖುಷಿಯಲ್ಲಿದ್ದರು. "ಅಜ್ಜಿ ನೋಡಿ ಸರ್, ಎಷ್ಟು ಚೆನ್ನಾಗಿ ಹೇಳಿದ್ದಾರೆ!"

ಅವರದ್ದೊಂದು ನಿಯಮ ಇದೆ. 'ನಮ್ಮಲ್ಲಿ ಹೀಗೆ ಮಾಡ್ತೀವಿ' ಅಂತ ಹೇಳ್ತಾರೆ. 'ಹೀಗೇ ಮಾಡಬೇಕು' ಅಂತ ಯಾವತ್ತೂ ಹೇಳಲ್ಲ. ಯಾವುದು ಮೇಲು, ಯಾವುದು ಕೀಳು ಅನ್ನೋ ಮಾತು ತರಗತಿಯೊಳಗೆ ಬರೋದೇ ಇಲ್ಲ. ಹುಡುಗನ ಮನೆಯ ನಂಬಿಕೆಗೆ ಉತ್ತರ ಹುಡುಗನ ಮನೆಯಿಂದಲೇ ಬರಬೇಕು.

ಅಲ್ಲೇ ದೋಣಿಗಲ್‌ನಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ಇದೆ. ನಕ್ಷತ್ರದ ಆಕಾರದ್ದು, ಎಂಟು ಮೂಲೆ. ಒಬ್ಬ ಹುಡುಗ ನೇರವಾಗೇ ಕೇಳಿದನಂತೆ: "ಟಿಪ್ಪು ನಿಮ್ಮೋನಾ ಸಾ?" ನಮ್ಮ ಸ್ಟುಡಿಯೋದಲ್ಲಿ ಈ ಪ್ರಶ್ನೆ ಎತ್ತಿದರೆ ಒಂದು ಗಂಟೆ ಕಾರ್ಯಕ್ರಮ ಆಗುತ್ತೆ. ಮೇಷ್ಟ್ರು ಒಂದೇ ನಿಮಿಷದಲ್ಲಿ ಮುಗಿಸಿದರು: "ಟಿಪ್ಪು ತೀರಿಕೊಂಡಿದ್ದು 1799ರಲ್ಲಿ. ನಮ್ಮಜ್ಜ ತೋಟದ ಮೇಸ್ತ್ರಿ. ಅವರಿಗೂ ಇವರಿಗೂ ಪರಿಚಯ ಇರಲಿಲ್ಲ. ಶನಿವಾರ ಕೋಟೆಗೆ ಹೋಗೋಣ, ಕೋನಮಾಪಕ ತಗೊಂಡು ಬನ್ನಿ."

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಮೊನ್ನೆ ಚೌತಿ ಮುಗಿದ ಮೇಲೆ ಬಂದದ್ದು. ಒಬ್ಬಳು ಹುಡುಗಿ ಕೇಳಿದಳಂತೆ: "ಸಾ, ಚೌತಿ ದಿನ ನಾವು ಚಂದ್ರನ್ನ ನೋಡಬಾರದು. ನೀವು ಹಬ್ಬಕ್ಕೆ ಚಂದ್ರನ್ನ ಹುಡುಕಿಕೊಂಡು ನೋಡ್ತೀರಿ. ಇಬ್ಬರದ್ದೂ ಒಂದೇ ಚಂದ್ರ ತಾನೇ?"

ಮೇಷ್ಟ್ರು ಚಾಕ್‌ಪೀಸ್ ತಗೊಂಡರು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸುಮಾರು 29 ವರೆ ದಿನ. ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷ 365. ಹನ್ನೊಂದು ದಿನ ಕಡಿಮೆ ಬಿತ್ತು. ನಮ್ಮ ಪಂಚಾಂಗದಲ್ಲಿ ಈ ಕಡಿಮೆ ಬಿದ್ದ ದಿನಗಳನ್ನೆಲ್ಲ ಕೂಡಿಟ್ಟು, ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸ್ತಾರೆ. ಅದಕ್ಕೇ ಗಣೇಶ ಯಾವಾಗಲೂ ಆಗಸ್ಟ್ ಸೆಪ್ಟೆಂಬರ್‌ನಲ್ಲೇ ಬರ್ತಾನೆ. ಇಸ್ಲಾಮಿನ ಕ್ಯಾಲೆಂಡರಿನಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ರಂಜಾನ್ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿದು, ಸುಮಾರು 33 ವರ್ಷಕ್ಕೆ ಒಂದು ಸುತ್ತು ಬರುತ್ತೆ. ಈ ವರ್ಷ ಭಾದ್ರಪದವೂ ಮಿಲಾದ್‌ನ ತಿಂಗಳೂ ಒಂದೇ ಅಮಾವಾಸ್ಯೆ ಆದ ಮೇಲೆ ಶುರುವಾದವು. ಚೌತಿ ಮಾಡಿದ್ದೂ ಮಿಲಾದ್ ಮಾಡಿದ್ದೂ ಅದೇ ಚಂದ್ರನ ಲೆಕ್ಕದಲ್ಲಿ. ಇಂಜಿನಿಯರಿಂಗ್ ಓದಿದ ನಾನು ಈ ಲೆಕ್ಕ ಕಲಿತದ್ದು ಮೊನ್ನೆ, ಆನೇಮಹಲ್‌ನಲ್ಲಿ, ಕಾಫಿ ಕುಡೀತಾ.

"ಹುಡುಕಿಕೊಂಡು ನೋಡ್ತೀವಿ ಅಂತಾಳೆ ಸರ್ ಅವಳು, ಈ ಮಳೇಲಿ ಚಂದ್ರ ಎಲ್ಲಿ ಕಾಣ್ತಾನೆ? ನಮಗೆ ಚಂದ್ರ ಫೋನಲ್ಲೇ ಬರೋದು" ಅಂತ ನಕ್ಕರು.

ಇಲ್ಲಿವರೆಗೆ ಎಲ್ಲ ಚೆನ್ನಾಗಿದೆ ಅಲ್ವಾ? ಹಾಗಾದರೆ ಹೆಸರು ಹೇಳೋಕೆ ಯಾಕೆ ಹೆದರಿಕೆ?

ಒಂದು ದಿನ ಸಹೋದ್ಯೋಗಿಯೊಬ್ಬರು ಪ್ರೀತಿಯಿಂದಲೇ ಹೇಳಿದರಂತೆ: "ಯಾಕ್ ಬೇಕು ಸಾರ್ ನಿಮಗೆ ಇದೆಲ್ಲ? ಯಾರಾದರೂ ಅರ್ಧ ಮಾತು ಮೊಬೈಲಲ್ಲಿ ಹಿಡಿದು ಹಾಕಿದರೆ? ಪಠ್ಯದಲ್ಲಿಲ್ಲ ಅಂತ ಹೇಳಿಬಿಡಿ." ಮೇಷ್ಟ್ರು ಒಂದು ತಿಂಗಳು ಹಾಗೇ ಮಾಡಿದರು. ಏನು ಕೇಳಿದರೂ "ಪಠ್ಯದಲ್ಲಿಲ್ಲ, ಕೂತ್ಕೋ." ಆ ತಿಂಗಳು ಏನಾಯ್ತು ಗೊತ್ತಾ? ಮಕ್ಕಳು ಲೆಕ್ಕದಲ್ಲೂ ಡೌಟ್ ಕೇಳೋದು ನಿಲ್ಲಿಸಿಬಿಟ್ಟರು. ಮೇಷ್ಟ್ರಿಗೆ ಪ್ರಶ್ನೆ ಇಷ್ಟ ಇಲ್ಲ ಅಂತ ಮಕ್ಕಳು ತಿಳಕೊಂಡರು, ಅಷ್ಟೇ. ಯಾವ ಪ್ರಶ್ನೆ ಇಷ್ಟ ಇಲ್ಲ ಅಂತ ವಿಂಗಡಿಸಿ ನೋಡೋ ವಯಸ್ಸಲ್ಲ ಅದು. ತಿಂಗಳಾದ ಮೇಲೆ ಅವರು ಮತ್ತೆ ಉತ್ತರ ಕೊಡೋಕೆ ಶುರು ಮಾಡಿದರು. "ಆದರೆ ಈಗ ಬಾಯಿ ತೆರೆಯೋ ಮುಂಚೆ ಒಂದ್ಸಲ ಬಾಗಿಲ ಕಡೆ ನೋಡ್ತೀನಿ ಸರ್" ಅಂದರು.

ಕಾನೂನು ಏನು ಹೇಳುತ್ತೆ, ನೋಡೋಣ. ಸಂವಿಧಾನದ 28ನೇ ವಿಧಿ ಪ್ರಕಾರ, ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡೋ ಹಾಗಿಲ್ಲ. ಸರಿಯಾದ ನಿಯಮ. ಆದರೆ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದು ತೋರಿಸಿತು. ಧರ್ಮವನ್ನು ಬೋಧಿಸೋದು ಬೇರೆ, ಧರ್ಮಗಳ ಬಗ್ಗೆ ತಿಳಿಸೋದು ಬೇರೆ. ಎರಡನೆಯದಕ್ಕೆ ಅಡ್ಡಿ ಇಲ್ಲ. ಅಷ್ಟೇ ಅಲ್ಲ, ಪ್ರಶ್ನಿಸುವ ಮನೋಭಾವ ಬೆಳೆಸಿಕೊಳ್ಳೋದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಅಂತ 51ಎ ವಿಧಿ ಹೇಳುತ್ತೆ. ಮೇಷ್ಟ್ರು ಈ ಗೆರೆಯನ್ನು ಯಾವ ತೀರ್ಪನ್ನೂ ಓದದೆ, 'ನಮ್ಮಲ್ಲಿ ಹೀಗೆ' ಅನ್ನೋ ಎರಡು ಪದದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ನಮ್ಮ ನಾಡಿಗೆ ಇದು ಹೊಸದೂ ಅಲ್ಲ. ಶಿಶುನಾಳ ಶರೀಫರು ಗೋವಿಂದ ಭಟ್ಟರ ಶಿಷ್ಯರಾಗಿ ತತ್ವಪದ ಹಾಡೋಕೆ ಮುಂಚೆ ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಮಹಾಲಿಂಗಪುರದ ಇಬ್ರಾಹಿಂ ಸುತಾರ ಅವರನ್ನು ನೀವೇ ನೋಡಿರಬಹುದು. ಭಜನೆಯ ನಡುವೆ ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ, ಹೀಗೆ ರಾತ್ರಿಯೆಲ್ಲ ಜನರನ್ನು ಕೂರಿಸುತ್ತಿದ್ದರು. 2018ರಲ್ಲಿ ಪದ್ಮಶ್ರೀ ಬಂತು, 2022ರ ಫೆಬ್ರವರಿಯಲ್ಲಿ ತೀರಿಕೊಂಡರು. ಇನ್ನು ಇವತ್ತು ಯಾರ ಹುಟ್ಟುಹಬ್ಬ? ಮೈಸೂರಿನ ಮಹಾರಾಜಾ ಕಾಲೇಜಿನಲ್ಲೂ ಪಾಠ ಮಾಡಿದ್ದ ರಾಧಾಕೃಷ್ಣನ್ ಅವರದ್ದು. ಅವರು ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಅಲ್ಲಿನ ಮಿಷನರಿಗಳು ಹಿಂದೂ ನಂಬಿಕೆಗಳನ್ನು ಪ್ರಶ್ನೆ ಮಾಡಿದ್ದೇ ತಮ್ಮನ್ನು ವೇದಾಂತದ ಓದಿಗೆ ಹಚ್ಚಿತು ಅಂತ ಅವರೇ ಹೇಳಿಕೊಂಡಿದ್ದಾರೆ. ನಂಬಿಕೆಯ ಬಗ್ಗೆ ಬಂದ ಪ್ರಶ್ನೆಗೆ ಸಿಟ್ಟಾಗದೆ ಓದೋಕೆ ಕೂತ ಹುಡುಗನ ಹೆಸರಿನಲ್ಲಿ ನಾವು ಈ ದಿನ ಆಚರಿಸ್ತಾ ಇದ್ದೀವಿ.

ಈಗ ನನ್ನ ವಿಷಯಕ್ಕೆ ಬರ್ತೀನಿ. ಹಾಸನದ ಬಾನು ಮುಷ್ತಾಕ್ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ತಂದರು. ಆಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಅವರನ್ನು ದಸರಾ ಉದ್ಘಾಟನೆಗೆ ಕರೆದದ್ದೇ ತಡ, ಎರಡು ವಾರದಿಂದ ಚರ್ಚೆ. ನಾನೂ ಮಾಡಿದ್ದೀನಿ. ಪರದೆ ಮೇಲೆ ನಾಲ್ಕು ಕಿಟಕಿ, ನಾಲ್ಕು ಜನ, ಮಧ್ಯೆ ನಾನು. ಪ್ರಶ್ನೆ ಕೇಳಿದ್ದು ನಾನೇ. ಉತ್ತರ ಅರ್ಧಕ್ಕೆ ಬಂದಾಗ ತಡೆದದ್ದೂ ನಾನೇ.

ಅದೇ ವಾರ ಮೇಷ್ಟ್ರ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತ. "ಸಾ, ಒಂದು ಡೌಟು. ನಿಮ್ಮೋರು ದಸರಾಕ್ಕೆ ಬರಬಾರದಂತೆ ಹೌದಾ? ಟೀವೀಲಿ ಹೇಳ್ತಿದ್ರು. ಹಂಗಾದ್ರೆ ನಮ್ಮನ್ನ ಮೈಸೂರಿಗೆ ಯಾರು ಕರ್ಕೊಂಡು ಹೋಗ್ತಾರೆ?"

ಪ್ರತಿ ವರ್ಷ ಮಕ್ಕಳನ್ನು ದಸರಾ ಲೈಟಿಂಗ್ ತೋರಿಸೋಕೆ ಕರ್ಕೊಂಡು ಹೋಗೋರು ಇದೇ ಮೇಷ್ಟ್ರು.

"ನೀವು ಏನು ಹೇಳಿದಿರಿ?" ಅಂತ ಕೇಳಿದೆ.

"ಬಸ್ಸಿನ ದುಡ್ಡು ತಂದಿದ್ದೀಯಾ ಅಂದೆ ಸರ್. ಅಮ್ಮ ನಾಳೆ ಕೊಡ್ತಾರೆ ಅಂದ. ಹಂಗಾದ್ರೆ ಹೋಗೋಣ ಕೂತ್ಕೋ ಅಂದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಇಷ್ಟು ವರ್ಷದಲ್ಲಿ ಆ ಒಂದು ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡಲಿಲ್ಲ. ದುಡ್ಡಿನ ಮಾತು ತೆಗೆದು ತಪ್ಪಿಸಿಕೊಂಡೆ."

ನಾನು ಕಾಫಿ ಲೋಟ ಕೆಳಗಿಟ್ಟೆ. ಆ ಹುಡುಗ ಯಾವ ಚಾನೆಲ್ ನೋಡಿದ್ದ ಅಂತ ಕೇಳೋ ಧೈರ್ಯ ಬರಲಿಲ್ಲ.

ವೀಕ್ಷಕರೇ, ಮಕ್ಕಳ ಪ್ರಶ್ನೆಗೆ ಉತ್ತರ ಬೇಕು. ಪಕ್ಕದಲ್ಲಿ ಕೂರೋನು ಏನು ತಿಂತಾನೆ, ಯಾಕೆ ತಿನ್ನಲ್ಲ, ಯಾರಿಗೆ ಕೈ ಮುಗೀತಾನೆ ಅಂತ ತಿಳಿಯೋ ಆಸೆ ಅವರದ್ದು. ಗೊತ್ತಿರೋ ಮೇಷ್ಟ್ರು ಹೆದರಿ ಬಾಯಿ ಮುಚ್ಚಿಕೊಂಡರೆ ಪ್ರಶ್ನೆ ಸಾಯಲ್ಲ. ಅದು ಮನೆಗೆ ಹೋಗುತ್ತೆ, ಮೊಬೈಲಿಗೆ ಹೋಗುತ್ತೆ, ಕೊನೆಗೆ ನಮ್ಮ ಹತ್ತಿರ ಬರುತ್ತೆ. ನಾವು ಯಾವ ಉತ್ತರ ಕೊಡ್ತೀವಿ ಅಂತ ಈಗಷ್ಟೇ ಹೇಳಿದೆನಲ್ಲ. ನಿಮ್ಮ ಮಗ ಶಾಲೆಯಿಂದ ಬಂದು "ನಮ್ಮ ಮೇಷ್ಟ್ರು ಇವತ್ತು ರೋಜಾ ಬಗ್ಗೆ ಹೇಳಿದ್ರು" ಅಂದರೆ ಗಾಬರಿ ಆಗಬೇಡಿ. ಅವನು ಏನು ಕೇಳಿದ, ಅವರು ಏನು ಹೇಳಿದರು, ಪೂರ್ತಿ ಕೇಳಿಸಿಕೊಳ್ಳಿ. ನಾನೂ ಇಲ್ಲಿ ಪೂರ್ತಿ ಕೇಳಿಸಿಕೊಳ್ಳೋದನ್ನ ಕಲೀತೀನಿ.

ಕೊನೆಯದಾಗಿ ಒಂದು. ನಾಡಿದ್ದು ಭಾನುವಾರ ರಾತ್ರಿ ಖಗ್ರಾಸ ಚಂದ್ರಗ್ರಹಣ. ನಮ್ಮ ಟೀವಿಗಳಲ್ಲಿ ರಾಶಿಫಲ ಈಗಾಗಲೇ ಶುರುವಾಗಿದೆ, ಗೊತ್ತಲ್ಲ. ಮಕ್ಕಳು ಮೇಷ್ಟ್ರನ್ನ ಕೇಳಿದರಂತೆ: "ಗ್ರಹಣಕ್ಕೆ ನೀವೇನು ಮಾಡ್ತೀರಾ ಸಾ?" ನಮ್ಮಲ್ಲಿ ಒಂದು ನಮಾಜ್ ಇದೆ ಅಂದರು. ಆಮೇಲೆ ಒಂದು ಕಥೆ ಹೇಳಿದರು. ಪ್ರವಾದಿಯವರ ಪುಟ್ಟ ಮಗ ಇಬ್ರಾಹಿಂ ತೀರಿಕೊಂಡ ದಿನ ಸೂರ್ಯಗ್ರಹಣ ಆಯ್ತು. ಆಕಾಶವೇ ಅಳ್ತಾ ಇದೆ ಅಂತ ಜನ ಮಾತಾಡಿಕೊಂಡರು. ಮಗನನ್ನು ಕಳಕೊಂಡ ತಂದೆ ಆ ದುಃಖದಲ್ಲೂ ಜನರನ್ನು ತಿದ್ದಿದರು: ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯೋದು ಯಾರ ಸಾವಿಗೂ ಅಲ್ಲ, ಯಾರ ಹುಟ್ಟಿಗೂ ಅಲ್ಲ.

ಆಮೇಲೆ ಎಂದಿನಂತೆ ಹೋಮ್‌ವರ್ಕ್. ಭಾನುವಾರ ರಾತ್ರಿ ಹತ್ತರ ಹೊತ್ತಿಗೆ ನೆರಳು ಕಚ್ಚೋಕೆ ಶುರುವಾಗುತ್ತೆ. ಎದ್ದಿರೋಕೆ ಮನೇಲಿ ಬಿಟ್ಟರೆ ನೋಡಿ, ಚಿತ್ರ ಬರೆದು ತನ್ನಿ. ಮನೇಲಿ ಬೇಡ ಅಂದರೆ, ಯಾಕೆ ಬೇಡ ಅಂದರು ಅಂತ ಬರೆದು ತನ್ನಿ. ಎರಡಕ್ಕೂ ಸಮಾನ ಅಂಕ.

ಆನೇಮಹಲ್‌ನಲ್ಲಿ ಆವತ್ತು ಮೋಡ ಬಿಡಲಿ. ನಮಸ್ಕಾರ.